ಹಳೆಯ ತೋಟೆಯಿಂದ ಗುಂಡು ಕೀಳಲು ಯಾವ ಸಾಧನ?

ಓಹಾಯೋದ ನಮ್ಮ ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ನನ್ನನ್ನು ಕರೆದು ಒಂದು ಖಾಕಿ ಬಟ್ಟೆಯ ಪಟ್ಟಿ ಕೊಟ್ಟರು. ಐದು ಜೇಬು, ಜೇಬಿಗೆ ಹತ್ತರಂತೆ ಐವತ್ತು ತೋಟೆ. "ಇವು ನಿಮ್ಮ ದೇಶದವು, ನಿಮ್ಮ ಹತ್ತಿರವೇ ಇರಲಿ" ಎಂದರು. ಬುಡ ತಿರುಗಿಸಿ ನೋಡಿದೆ. 'ಕೆಎಫ್' ಎಂಬ ಅಚ್ಚು, ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ 7. ಪುಣೆಯ ಮಗ್ಗುಲಲ್ಲಿರುವ ಕಿರ್ಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾದ, ತ್ರೀ ನಾಟ್ ತ್ರೀ ರೈಫಲ್ಲಿನ ಏಳನೇ ಮಾರ್ಕಿನ ತೋಟೆ. ಊರಿನ ಪೊಲೀಸ್ ಠಾಣೆಯ ಕಾನ್‌ಸ್ಟೆಬಲ್ ಹೆಗಲಿನಲ್ಲಿ ಆ ರೈಫಲ್ ನೋಡಿಕೊಂಡೇ ಬೆಳೆದವನು ನಾನು. ಕೊಡಗಿನಲ್ಲಿ ಹುಟ್ಟಿದವನಿಗೆ ಕೋವಿ ಎಂದರೆ ಹಬ್ಬದ ದಿನ ಹೂವೇರಿಸಿ ಕೈಮುಗಿಯುವ ವಸ್ತು. ಅಂಥವನಿಗೆ ಆ ಪಟ್ಟಿ ಕೈಗೆ ಬಂದಾಗ ಏನನ್ನಿಸಿತೆಂದು ಬಿಡಿಸಿ ಹೇಳಬೇಕಿಲ್ಲ.

ಮೂರು ಹಾರಿಸಿದೆ. ಎರಡು ಸರಿಯಾಗಿ ಸಿಡಿದವು. ಮೂರನೆಯದರಲ್ಲಿ ಕುದುರೆ ಎಳೆದಾಗ ಟಿಕ್ ಎಂದಿತು, ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಢಂ ಎಂದಿತು. ಕೇಪು ಹತ್ತಿದರೂ ಮದ್ದು ತಡವಾಗಿ ಹತ್ತಿದ ಲಕ್ಷಣ ಅದು. ಆ ಒಂದು ಕ್ಷಣದಲ್ಲಿ ಬೋಲ್ಟ್ ತೆರೆದಿದ್ದರೆ ಮುಖದ ಹತ್ತಿರವೇ ತೋಟೆ ಒಡೆಯುತ್ತಿತ್ತು. ಟಿಕ್ ಎಂದು ನಿಂತ ರೈಫಲ್ಲನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು ಎಂಬ ಪಾಠ ಅವತ್ತು ನನ್ನನ್ನು ಉಳಿಸಿತು. ಉಳಿದ 47 ತೋಟೆಗಳನ್ನು ಹಾರಿಸುವುದಿಲ್ಲ, ಬಿಚ್ಚುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ. ಮದ್ದು ಕೆಟ್ಟಿದ್ದರೂ ಗುಂಡು ಕೆಡುವುದಿಲ್ಲ. 174 ಗ್ರೇನ್ ತೂಕದ, ಅಂದರೆ ಸುಮಾರು 11.3 ಗ್ರಾಂನ ಆ ಗುಂಡುಗಳನ್ನು ಹೊಸ ತೋಟೆಗೆ ಕೂರಿಸಿ ಬಳಸಬಹುದು.

ಅಮೆರಿಕದಲ್ಲಿ ಇದು ಸಾಮಾನ್ಯ ಹವ್ಯಾಸ. ಎರಡನೇ ಮಹಾಯುದ್ಧದ ಕಾಲದಿಂದ ಶೀತಲ ಸಮರದವರೆಗೆ ದೇಶದೇಶಗಳ ಸೇನೆಗಳು ಕೂಡಿಟ್ಟ ತೋಟೆಗಳು ಹೆಚ್ಚುವರಿ ಮಾಲಾಗಿ ಇಲ್ಲಿನ ಅಂಗಡಿಗಳಿಗೆ ಬಂದಿವೆ. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಇಲ್ಲಿನ ಒಕ್ಕೂಟ ಕಾನೂನಿನಡಿ ಪರವಾನಗಿ ಬೇಡ, ಮಾರುವುದಾದರೆ ಬೇಕು. ರಾಜ್ಯದ ಕಾನೂನು ಬೇರೆಯೇ ಇರುವುದರಿಂದ ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ. ಭಾರತದಲ್ಲಿರುವವರು ಈ ಲೇಖನವನ್ನು ತಿಳಿವಳಿಕೆಗಾಗಿ ಮಾತ್ರ ಓದಬೇಕು. ಅಲ್ಲಿ 303 ನಿಷೇಧಿತ ಬೋರ್. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 2029ರವರೆಗೆ ವಿಸ್ತರಣೆಯಾಗಿರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೇ ಹೊರತು ತೋಟೆ ತಯಾರಿಸುವುದಕ್ಕಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ತೋಟೆ ಸಿಕ್ಕರೆ ಕೈಹಾಕದೆ ಠಾಣೆಗೆ ತಿಳಿಸಿ.

ಕೊಳ್ಳುವ ಮೊದಲು ತೋಟೆ ನೋಡಿ

ಅಂಗಡಿಗೆ ಹೋದವರು ಮೊದಲು ಕೇಳುವುದು "ಯಾವ ಕಂಪನಿಯದು ಒಳ್ಳೆಯದು" ಎಂದು. ನಾನೂ ಹಾಗೇ ಕೇಳಿದ್ದೆ. ಈಗ ನನ್ನ ಅಭಿಪ್ರಾಯವೇ ಬೇರೆ. ನಿಮ್ಮ ಹತ್ತಿರ ಎಷ್ಟು ತೋಟೆ ಇವೆ, ಗುಂಡಿನ ತೂಕವೆಷ್ಟು, ತೋಟೆಯ ಬಾಯಿಂದ ಗುಂಡಿನ ನೇರ ಭಾಗ ಎಷ್ಟು ಹೊರಗೆ ಕಾಣುತ್ತದೆ, ಕೊರಳಲ್ಲಿ ಏನು ಅಂಟು ಬಳಿದಿದ್ದಾರೆ, ಈ ನಾಲ್ಕು ಗೊತ್ತಾದರೆ ಬಡಿದು ಬಿಡಿಸುವ ಸುತ್ತಿಗೆಯೋ, ಗುಂಡನ್ನು ಕಚ್ಚಿ ಎಳೆಯುವ ಕಾಲೆಟ್ಟೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಅದಕ್ಕಿಂತ ಮೊದಲು ಇನ್ನೊಂದು ಪರೀಕ್ಷೆ ಇದೆ, ಅದನ್ನು ಯಾರೂ ಬಿಡಬಾರದು. ಗುಂಡಿನ ತುದಿಯ ಬಣ್ಣ ನೋಡಿ. ಸೇನೆಯ ತೋಟೆಗಳಲ್ಲಿ ಬಣ್ಣವೇ ಭಾಷೆ. ಅಮೆರಿಕದ 30-06 ತೋಟೆಯಲ್ಲಿ ಕಪ್ಪು ತುದಿ ಎಂದರೆ ಉಕ್ಕಿನ ತಿರುಳಿರುವ, ಕವಚ ಭೇದಿಸುವ ಗುಂಡು. ಕೆಂಪು ಅಥವಾ ಕಿತ್ತಳೆ ತುದಿ ಎಂದರೆ ಹಾರುವಾಗ ಉರಿಯುತ್ತ ದಾರಿ ತೋರುವ ಟ್ರೇಸರ್. ತಿಳಿನೀಲಿ ಎಂದರೆ ಬೆಂಕಿ ಹಚ್ಚುವ ಗುಂಡು. ಆದರೆ ಭಾಷೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅಪಾಯ ಇರುವುದೇ ಅಲ್ಲಿ. ಅಮೆರಿಕದ 5.56ರ ಹಸಿರು ತುದಿಯ ಗುಂಡು ಸಾಮಾನ್ಯ ಗುಂಡು, 62 ಗ್ರೇನಿನದು. ಅದೇ ಹಸಿರು ತುದಿ ಸೋವಿಯತ್ 7.62×54 ಆರ್ ತೋಟೆಯಲ್ಲಿದ್ದರೆ ಅದು ಟ್ರೇಸರ್. ಆ ತೋಟೆಯಲ್ಲಿ ಬೆಳ್ಳಿ ಬಣ್ಣ ಎಂದರೆ ಮೆದು ಉಕ್ಕಿನ ತಿರುಳಿನ ಸಾಮಾನ್ಯ ಗುಂಡು, ಹಳದಿ ಎಂದರೆ ಭಾರದ ಗುಂಡು, ಕಪ್ಪು ಮತ್ತು ಕೆಂಪು ಎರಡೂ ಇದ್ದರೆ ಕವಚ ಭೇದಿಸಿ ಬೆಂಕಿ ಹಚ್ಚುವಂಥದ್ದು. ಬರೀ ಕೆಂಪು ತುದಿ ಇದ್ದರೆ ತಾಗಿದ ಜಾಗದಲ್ಲಿ ಮಿಂಚಿ ಉರಿಯುವ ಗುಂಡು. ಟ್ರೇಸರ್ ಮತ್ತು ಬೆಂಕಿ ಗುಂಡುಗಳ ಒಳಗೆ ರಾಸಾಯನಿಕ ಇರುತ್ತದೆ. ಅವನ್ನು ಸುತ್ತಿಗೆಯಲ್ಲಿ ಬಡಿಯುವುದೂ ಬೇಡ, ಕಾಲೆಟ್ಟಿನಲ್ಲಿ ಹಿಂಡುವುದೂ ಬೇಡ. ಬಣ್ಣ ಅರ್ಧ ಅಳಿಸಿದ್ದರೂ ಬದಿಗಿಡಿ. ಹಸಿರು ಕಿಲುಬು ಹತ್ತಿದ, ತಗ್ಗು ಬಿದ್ದ, ಕೊರಳು ಸೀಳಿದ ತೋಟೆಗಳನ್ನೂ ಹಾಗೆಯೇ ಬದಿಗಿಡಿ. ಬದಿಗಿಟ್ಟವನ್ನು ಸ್ಥಳೀಯ ಪೊಲೀಸರಿಗೋ ಅಗ್ನಿಶಾಮಕ ಠಾಣೆಗೋ ತಿಳಿಸಿದರೆ ವಿಲೇವಾರಿಯ ದಾರಿ ಹೇಳುತ್ತಾರೆ.

ಸುತ್ತಿಗೆ

ಕೊಡಲಿಯ ಕಾವು ಸಡಿಲವಾದಾಗ ನಮ್ಮ ಕಡೆ ಏನು ಮಾಡುತ್ತಾರೆ? ಕೊಡಲಿ ಮೇಲಾಗುವಂತೆ ಕಾವನ್ನು ನೆಟ್ಟಗೆ ಹಿಡಿದು, ಅದರ ಬುಡವನ್ನು ಕಲ್ಲಿಗೆ ಕುಟ್ಟುತ್ತಾರೆ. ಕಾವು ತಟ್ಟನೆ ನಿಲ್ಲುತ್ತದೆ, ಭಾರದ ಕೊಡಲಿ ನಿಲ್ಲದೆ ಕೆಳಗಿಳಿದು ಬಿಗಿಯಾಗುತ್ತದೆ. ಗುಂಡು ಕೀಳುವ ಸುತ್ತಿಗೆ ಕೆಲಸ ಮಾಡುವುದೂ ಇದೇ ಜಡತ್ವದ ಮೇಲೆ. ನೋಡಲು ಪ್ಲಾಸ್ಟಿಕ್ ಸುತ್ತಿಗೆ, ತಲೆ ಟೊಳ್ಳು. ತಲೆಯ ಒಂದು ತುದಿಯಲ್ಲಿ ತಿರುಪಿನ ಮುಚ್ಚಳ. ಮುಚ್ಚಳದೊಳಗೆ ಮೂರು ತುಂಡಿನ ಲೋಹದ ಹಿಡಿ, ಅದನ್ನು ಸುತ್ತುವರಿದ ರಬ್ಬರ್ ಉಂಗುರ. ಆ ಹಿಡಿ ತೋಟೆಯ ಬುಡದ ಅಂಚನ್ನು ಕಚ್ಚಿಕೊಳ್ಳುತ್ತದೆ, ಗುಂಡು ಟೊಳ್ಳಿನ ಒಳಕ್ಕೆ ಮುಖ ಮಾಡಿರುತ್ತದೆ. ಸುತ್ತಿಗೆಯನ್ನು ಗಟ್ಟಿ ಜಾಗಕ್ಕೆ ಬಡಿದಾಗ ತೋಟೆ ನಿಲ್ಲುತ್ತದೆ, ಗುಂಡು ಮುಂದೆ ಹೋಗುತ್ತದೆ. ನಾಲ್ಕಾರು ಪೆಟ್ಟಿಗೆ ಗುಂಡೂ ಮದ್ದೂ ಒಟ್ಟಿಗೆ ಟೊಳ್ಳಿನೊಳಗೆ ಬೀಳುತ್ತವೆ.

ಇದರ ದೊಡ್ಡ ಗುಣ ಎಂದರೆ ಒಂದೇ ಸಾಧನ ಬಹುತೇಕ ಎಲ್ಲ ಅಳತೆಯ ತೋಟೆಗೂ ಆಗುತ್ತದೆ, ಬೆಲೆಯೂ ಕಡಿಮೆ. ತೋಟೆ ತುಂಬುವ ಪ್ರೆಸ್ ಬೇಡ, ಮೇಜಿಗೆ ಬಿಗಿಯುವುದು ಬೇಡ. ಭಾರದ ಗುಂಡಾದಷ್ಟೂ ಸುಲಭ. ನನ್ನ 174 ಗ್ರೇನಿನ ಗುಂಡುಗಳು ಅಂಟು ಬಿಟ್ಟ ಮೇಲೆ ಮೂರನೇ ಪೆಟ್ಟಿಗೆ ಬಂದವು. ಅದೇ 55 ಗ್ರೇನಿನ, ಮೂರೂವರೆ ಗ್ರಾಂ ಚಿಲ್ಲರೆ ತೂಗುವ ಸಣ್ಣ ಗುಂಡಿಗೆ ಜಡತ್ವವೇ ಸಾಲದು. ಬಡಿದು ಬಡಿದು ತೋಳು ಸೋಲುತ್ತದೆ. ನೂರು ತೋಟೆಯೊಳಗಿನ ಕೆಲಸವಾದರೆ, ಗುಂಡು ಭಾರದ್ದಾದರೆ, ಬೇರೆ ಬೇರೆ ಅಳತೆಯ ತೋಟೆಗಳು ಕಲೆತಿದ್ದರೆ ಸುತ್ತಿಗೆಯನ್ನೇ ಕೊಳ್ಳಿ. ಮುಂದೆ ಏನೇ ಕೊಂಡರೂ ಇದು ವ್ಯರ್ಥವಾಗುವುದಿಲ್ಲ. ತೋಟೆ ತುಂಬುವವರು ತಪ್ಪು ಮಾಡುವುದು ಇದ್ದದ್ದೇ, ಅದನ್ನು ಬಿಚ್ಚಲು ಯಾವತ್ತಿಗೂ ಬೇಕಾಗುತ್ತದೆ.

ಬಡಿಯುವ ಜಾಗ ಮುಖ್ಯ. ಮೆತ್ತನೆಯ ಮೇಜಿನ ಮೇಲೆ ಬಡಿದರೆ ಪೆಟ್ಟನ್ನು ಮೇಜು ನುಂಗುತ್ತದೆ. ಸಿಮೆಂಟ್ ನೆಲ ಗಟ್ಟಿಯೇ, ಆದರೆ ಸುತ್ತಿಗೆಯ ತಲೆ ಬೇಗ ಬಿರುಕು ಬಿಡುತ್ತದೆ. ನೆಟ್ಟಗೆ ನಿಲ್ಲಿಸಿದ ದಪ್ಪ ಮರದ ಕೊರಡು ನನಗೆ ಹಿಡಿಸಿದೆ. ಹಿಡಿಯ ಕೊನೆಯಲ್ಲಿ ಹಿಡಿದು, ತಲೆ ಚಪ್ಪಟೆಯಾಗಿ ತಾಗುವಂತೆ ಬಡಿಯಿರಿ. ಓರೆಯಾಗಿ ತಾಗಿದರೆ ಶಕ್ತಿಯೂ ವ್ಯರ್ಥ, ಸುತ್ತಿಗೆಯೂ ಹಾಳು. ಟೊಳ್ಳಿನ ತಳಕ್ಕೆ ಕಿವಿಗೆ ಹಾಕುವ ಸ್ಪಂಜಿನ ಬಿರಡೆಯನ್ನು ತುರುಕಿದರೆ ಗುಂಡಿನ ತುದಿ ಜಜ್ಜುವುದಿಲ್ಲ.

ತಯಾರಕರು ಕೊಟ್ಟ ಹಿಡಿಯ ಬದಲು, ಪ್ರೆಸ್ಸಿನಲ್ಲಿ ತೋಟೆಯ ಬುಡ ಹಿಡಿಯುವ ಶೆಲ್ ಹೋಲ್ಡರ್ ಸೇರಿಸಿ ಬಡಿಯುವವರಿದ್ದಾರೆ, ಬೇಗ ಆಗುತ್ತದೆ ಎಂದು. ಅದನ್ನು ಮಾಡಬೇಡಿ. ಶೆಲ್ ಹೋಲ್ಡರ್ ಆ ಕೆಲಸಕ್ಕೆ ಮಾಡಿದ್ದಲ್ಲ, ಎದುರಿಗಿರುವುದು ಜೀವಂತ ಕೇಪು. ಅಂಚಿನಲ್ಲೇ ಕೇಪಿನ ಮದ್ದು ಇರುವ 22ರ ಸಣ್ಣ ತೋಟೆಗಳನ್ನಂತೂ ಈ ಸುತ್ತಿಗೆಗೆ ಎಂದಿಗೂ ಹಾಕಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ತೋಟೆ.

ಕಾಲೆಟ್

ಬೆಂಗಳೂರಿನ ಪೀಣ್ಯದ ಯಾವ ವರ್ಕ್‌ಶಾಪಿಗೆ ಹೋಗಿ ಕೇಳಿದರೂ ಕಾಲೆಟ್ ಎಂದರೇನೆಂದು ತೋರಿಸುತ್ತಾರೆ. ಸೀಳು ಸೀಳಾದ ಉಕ್ಕಿನ ಕೊಳವೆ, ಬಿಗಿದಾಗ ಸುತ್ತಲಿಂದ ಸಮನಾಗಿ ಹಿಡಿಯುತ್ತದೆ. ಗುಂಡು ಕೀಳುವ ಕಾಲೆಟ್ಟೂ ಅದೇ ತತ್ವದ್ದು. ತೋಟೆ ತುಂಬುವ ಪ್ರೆಸ್ಸಿನ ನೆತ್ತಿಗೆ ಡೈಯಂತೆ ತಿರುಪಿ ಕೂರಿಸಬೇಕು. ಕೆಳಗಿನಿಂದ ತೋಟೆ ಮೇಲೆ ಬರುತ್ತದೆ, ಗುಂಡು ಕಾಲೆಟ್ಟಿನೊಳಗೆ ಹೋಗುತ್ತದೆ. ಬಿಗಿದು ಪ್ರೆಸ್ಸಿನ ಹಿಡಿಕೆ ಎತ್ತಿದರೆ ತೋಟೆ ಕೆಳಗೆ, ಗುಂಡು ಮೇಲೆ. ಮದ್ದು ತೋಟೆಯಲ್ಲೇ ಉಳಿಯುತ್ತದೆ, ಒಂದು ಹರಳೂ ಚೆಲ್ಲುವುದಿಲ್ಲ, ಸದ್ದೂ ಇಲ್ಲ.

ಆರ್‌ಸಿಬಿಎಸ್ ಕಂಪನಿಯದ್ದರಲ್ಲಿ ಮೇಲಿನ ಹಿಡಿಯನ್ನು ತಿರುಗಿಸಿ ಬಿಗಿಯಬೇಕು. ನೆಬ್ರಾಸ್ಕದ ಹಾರ್ನಡಿಯ ಕ್ಯಾಮ್ ಲಾಕ್‌ನಲ್ಲಿ ಮೇಲೊಂದು ಸನ್ನೆ ಇದೆ, ಮಗುಚಿದರೆ ಕಚ್ಚುತ್ತದೆ, ಎತ್ತಿದರೆ ಬಿಡುತ್ತದೆ. ಕೆಲಸ ಎರಡರದ್ದೂ ಒಂದೇ. ಹತ್ತು ತೋಟೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನ್ನೂರು ತೋಟೆಗೆ ತಿರುಗಿಸುವ ಹಿಡಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಲೆಕ್ಕ ದೊಡ್ಡದಾದರೆ ಸನ್ನೆಯದ್ದೇ ಸರಿ ಎಂದು ನನ್ನ ಅನುಭವ. ಎರಡರಲ್ಲೂ ಗುಂಡಿನ ವ್ಯಾಸಕ್ಕೆ ತಕ್ಕ ಕಾಲೆಟ್ಟನ್ನು ಬೇರೆಯಾಗಿ ಕೊಳ್ಳಬೇಕು. ಇಲ್ಲೇ ಹೊಸಬರು ಎಡವುವುದು, ಏಕೆಂದರೆ ತೋಟೆಯ ಹೆಸರು ಗುಂಡಿನ ವ್ಯಾಸವನ್ನು ಹೇಳುವುದಿಲ್ಲ. 7.62 ನ್ಯಾಟೊ ಮತ್ತು 30-06ರ ಗುಂಡು 0.308 ಇಂಚು. 303ರದ್ದೂ ಸೋವಿಯತ್ 7.62×54 ಆರ್‌ದ್ದೂ ಸುಮಾರು 0.311. ಎಂಟು ಮಿಲಿಮೀಟರ್ ಮೌಸರ್‌ನದ್ದು 0.323. 5.56ರದ್ದು 0.224. ಕ್ಯಾಲಿಪರ್‌ನಲ್ಲಿ ಗುಂಡನ್ನು ಅಳೆದು, ಕಾಲೆಟ್ಟಿನ ಪೊಟ್ಟಣದ ಮೇಲಿನ ಅಂಕಿಯ ಜೊತೆ ತಾಳೆ ನೋಡಿ ಕೊಳ್ಳಿ.

ಕಾಲೆಟ್ಟಿನ ದೌರ್ಬಲ್ಯ ಒಂದೇ, ಅದಕ್ಕೆ ಹಿಡಿಯಲು ಗುಂಡಿನ ನೇರ ಮೈ ಬೇಕು. ತೋಟೆಯ ಬಾಯಿಂದಲೇ ಗುಂಡು ಚೂಪಾಗತೊಡಗಿದರೆ ಕಾಲೆಟ್ ಜಾರುತ್ತದೆ. ಮೆದು ಸೀಸದ ಗುಂಡಾದರೆ ಹಿಂಡಿ ವಿಕಾರ ಮಾಡುತ್ತದೆ. ನನ್ನ ಹತ್ತಿರ ಸೋವಿಯತ್ ತೋಟೆಗಳ ತಗಡಿನ ಡಬ್ಬಿ ಇತ್ತು, ಒಂದು ಡಬ್ಬಿಗೆ 440 ತೋಟೆ, ಬೆಳ್ಳಿ ತುದಿಯವು. ಮೊದಲ ದಿನ ಕಾಲೆಟ್ ಜಾರಿ ಜಾರಿ ಬೇಸತ್ತು ಸಾಧನವನ್ನೇ ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು. ಡೈಯನ್ನು ಎತ್ತರದಲ್ಲಿ ಕೂರಿಸಿದ್ದರಿಂದ ಕಾಲೆಟ್ ಗುಂಡಿನ ಚೂಪು ಭಾಗವನ್ನು ಹಿಡಿಯುತ್ತಿತ್ತು. ತೋಟೆಯನ್ನು ಪೂರ್ತಿ ಮೇಲಕ್ಕೆ ತಂದು, ಕಾಲೆಟ್ಟಿನ ಬಾಯಿ ತೋಟೆಯ ಬಾಯಿಗೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರ ಬರುವವರೆಗೆ ಡೈ ಇಳಿಸಿದೆ. ಆಮೇಲೆ ಒಂದೂ ಜಾರಲಿಲ್ಲ.

ಇನ್ನೊಂದು ಬಗೆ ಇದೆ, ಇಕ್ಕಳದಂಥ ಕೈಸಾಧನ. ತೋಟೆಯನ್ನು ಪ್ರೆಸ್ಸಿನಲ್ಲಿ ಎತ್ತಿ, ಡೈ ಇಲ್ಲದ ಖಾಲಿ ತೂತಿನ ಮೇಲೆ ಚಾಚಿದ ಗುಂಡನ್ನು ಇಕ್ಕಳದಿಂದ ಹಿಡಿದು, ಪ್ರೆಸ್ಸನ್ನು ಇಳಿಸುವುದು. ಬೇಗ ಆಗುತ್ತದೆ. ಗುಂಡಿನ ಮೈಮೇಲೆ ಗೀರು ಬೀಳುವ ಸಂಭವ ಹೆಚ್ಚು, ಮಾಮೂಲಿ ಕಟಿಂಗ್ ಪ್ಲೇಯರ್‌ ಬಳಸಿದರಂತೂ ಗುಂಡು ಗುಜರಿಗೇ ಸರಿ. ಗುಂಡನ್ನು ಮತ್ತೆ ಬಳಸುವ ಯೋಚನೆ ಇಲ್ಲದವರಿಗೆ ಮಾತ್ರ ಇದು.

ಅಂಟು ಬಿಡಿಸುವ ಉಪಾಯ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಸೇನೆಯ ತೋಟೆಗಳು ಮಳೆ, ಕೆಸರು, ಹಡಗಿನ ಉಪ್ಪುಗಾಳಿ ಎಲ್ಲವನ್ನೂ ತಡೆಯಬೇಕು. ಅದಕ್ಕಾಗಿ ಕೊರಳಿನೊಳಗೆ ಡಾಂಬರಿನಂಥ ಕಪ್ಪು ಅಂಟನ್ನೋ ಅರಗನ್ನೋ ಬಳಿದಿರುತ್ತಾರೆ, ಮೇಲಿಂದ ಬಾಯಿಯನ್ನು ಒತ್ತಿ ಬಿಗಿದಿರುತ್ತಾರೆ. ಹತ್ತಾರು ವರ್ಷ ಕಳೆದ ಮೇಲೆ ಗುಂಡೂ ಹಿತ್ತಾಳೆಯೂ ಒಂದಕ್ಕೊಂದು ಬೆಸೆದುಕೊಂಡಂತೆ ಆಗುತ್ತದೆ. ಅದಕ್ಕೇ ಸುತ್ತಿಗೆಯಲ್ಲಿ ಇಪ್ಪತ್ತು ಪೆಟ್ಟು ಬಿದ್ದರೂ ಅಲುಗದ ತೋಟೆಗಳಿರುತ್ತವೆ.

ಕೀಳುವ ಮೊದಲು ಒಳಕ್ಕೆ ತಳ್ಳಿ. ಗುಂಡು ಕೂರಿಸುವ ಸೀಟಿಂಗ್ ಡೈಯನ್ನು ಪ್ರೆಸ್ಸಿಗೆ ಹಾಕಿ, ಗುಂಡು ಅರ್ಧ ಮಿಲಿಮೀಟರಿನಷ್ಟು, ಹೆಚ್ಚೆಂದರೆ ಒಂದು ಮಿಲಿಮೀಟರ್ ಒಳಗೆ ಹೋಗುವಂತೆ ಹೊಂದಿಸಿ, ಮೆಲ್ಲಗೆ ಹಿಡಿಕೆ ಒತ್ತಿ. ಚಟ್ ಎಂಬ ಸಣ್ಣ ಸದ್ದು ಕೇಳುತ್ತದೆ, ಅದು ಅಂಟು ಬಿಟ್ಟ ಸದ್ದು. ಅಷ್ಟಾದರೆ ಸುತ್ತಿಗೆಗೆ ಇಪ್ಪತ್ತು ಪೆಟ್ಟಿನ ಬದಲು ಮೂರು ನಾಲ್ಕು ಸಾಕು, ಕಾಲೆಟ್ಟಿಗೆ ಬಿಗಿತವೂ ಕಡಿಮೆ ಸಾಕು. ನನ್ನ 440ರಲ್ಲಿ ಎಲ್ಲವನ್ನೂ ಮೊದಲು ಹೀಗೆ ತಳ್ಳಿ ಮುಗಿಸಿ, ಆಮೇಲೆ ಡೈ ಬದಲಿಸಿ ಕಿತ್ತೆ. ಪ್ರೆಸ್ ಇಲ್ಲದೆ ಬರೀ ಸುತ್ತಿಗೆ ಇರುವವರು ಯಾರಾದರೂ ಗೆಳೆಯರ ಪ್ರೆಸ್ಸಿನಲ್ಲಿ ಈ ಒಂದು ಕೆಲಸ ಮಾಡಿಸಿಕೊಂಡು ಬಂದರೂ ಲಾಭವೇ. ಅಂಟು ಕರಗಲಿ ಎಂದು ತೋಟೆಯನ್ನು ಬಿಸಿ ಮಾಡುವ ಯೋಚನೆ ಮಾತ್ರ ಯಾರಿಗೂ ಬರಬಾರದು. ಬೆಂಕಿ, ಬಿಸಿಗಾಳಿಯ ಯಂತ್ರ, ಕುದಿನೀರು, ಯಾವುದೂ ಬೇಡ.

ಕಿತ್ತ ಮೇಲೆ

ಹೊರಬಂದ ಮದ್ದನ್ನು ಮತ್ತೆ ಬಳಸಬೇಡಿ. ಸೇನೆಯ ಮದ್ದು ಅಂಗಡಿಯಲ್ಲಿ ಡಬ್ಬಿಗೆ ಹೆಸರು ಹಚ್ಚಿ ಮಾರುವ ಮದ್ದಲ್ಲ, ನೋಟದಿಂದ ಅದರ ಗುಣ ಗುರುತಿಸಲು ಯಾರಿಗೂ ಆಗುವುದಿಲ್ಲ. ಗುರಿಸ್ಪರ್ಧೆಯ ಅನುಭವಿಗಳು ಮಾತ್ರ ಸೇನೆಯ ಹಗುರ ಗುಂಡು ತೆಗೆದು, ಅದೇ ಮದ್ದಿರುವ ತೋಟೆಗೆ ನಿಖರತೆಯ 168 ಗ್ರೇನಿನ ಗುಂಡು ಕೂರಿಸುವುದುಂಟು, ಭಾರ ಹೆಚ್ಚಿದ್ದಕ್ಕೆ ಮದ್ದು ತಗ್ಗಿಸಿಕೊಂಡು. ಅದು ಕಲಿಯುವವರ ಕೆಲಸವಲ್ಲ. ಮೂಗಿಗೆ ಚುಚ್ಚುವ ಹುಳಿ ವಾಸನೆ, ಕೆಂಗಂದು ಪುಡಿ, ಗುಂಡಿನ ಬುಡಕ್ಕೆ ಹತ್ತಿದ ಹಸಿರು ಕಿಲುಬು ಕಂಡರೆ ಮದ್ದು ಕೊಳೆಯತೊಡಗಿದೆ ಎಂದರ್ಥ. ಅಂಥದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಕೂಡಿಡಬಾರದು. ಒಳ್ಳೆಯ ಸ್ಥಿತಿಯ ಅಲ್ಪಸ್ವಲ್ಪ ಮದ್ದನ್ನು ಇಲ್ಲಿನವರು ಹಿತ್ತಲ ಹುಲ್ಲಿನ ಮೇಲೆ ತೆಳುವಾಗಿ ಎರಚುತ್ತಾರೆ, ಅದರಲ್ಲಿರುವ ಸಾರಜನಕ ಮಣ್ಣಿಗೆ ಸೇರುತ್ತದೆ. ಕಸದ ಬುಟ್ಟಿಗೂ ಚರಂಡಿಗೂ ಹಾಕಬಾರದು.

ಕೇಪು ಇನ್ನೂ ಜೀವಂತ ಎಂಬುದನ್ನು ಮರೆಯಬೇಡಿ. ಎಣ್ಣೆಯಲ್ಲಿ ನೆನೆಸಿದರೆ ಸಾಯುತ್ತದೆ ಎಂಬ ನಂಬಿಕೆ ಇದೆ, ಅದನ್ನು ನೆಚ್ಚುವಂತಿಲ್ಲ. ಮದ್ದು, ಗುಂಡು ಎರಡೂ ಇಲ್ಲದ ತೋಟೆಯನ್ನು ರೈಫಲ್ಲಿಗೆ ಹಾಕಿ, ಗುರಿಯ ಮೈದಾನದಲ್ಲಿ ಕೇಪನ್ನಷ್ಟೇ ಸಿಡಿಸುವುದು ಸರಿಯಾದ ದಾರಿ. ಹಳೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ಉಪ್ಪಿನ ಜಾತಿಯ ಶೇಷ ನಳಿಗೆಯಲ್ಲಿ ಉಳಿದು, ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ಮೊದಲು ನೀರಿನಿಂದಲೇ ತೊಳೆಯಬೇಕು, ಒಣಗಿಸಿ ಆಮೇಲೆ ಎಣ್ಣೆ ಸವರಬೇಕು. ಗುಂಡುಗಳಿಗೆ ಅಯಸ್ಕಾಂತ ತಾಗಿಸಿ ನೋಡಿ. ಉಕ್ಕು ಇರುವ ಗುಂಡನ್ನು ಹಲವು ಶೂಟಿಂಗ್ ಮೈದಾನಗಳು ಒಳಗೆ ಬಿಡುವುದಿಲ್ಲ, ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಹತ್ತುತ್ತದೆ ಎಂದು. ಬಳಸಬಹುದಾದ ಗುಂಡಿಗೂ ಆ ತೂಕಕ್ಕೆ, ಆ ಬಗೆಗೆ ಮುದ್ರಿತ ಕೈಪಿಡಿಯಲ್ಲಿರುವ ಅಳತೆಯಂತೆಯೇ ಹೊಸ ಮದ್ದು ತುಂಬಬೇಕು.

ಕಿರ್ಕಿಯ ಆ 47 ತೋಟೆಗಳನ್ನು ಒಂದು ಭಾನುವಾರ ಬಿಚ್ಚಿದೆ. ಪ್ರತಿಯೊಂದನ್ನೂ ತಳ್ಳಿ ಅಂಟು ಬಿಡಿಸಿ, ಕೊರಡಿನ ಮೇಲೆ ಬಡಿದೆ. ಗುಂಡು ಬಂತು, ಮದ್ದು ಬರಲಿಲ್ಲ. ಒಳಗೆ ಇಣುಕಿದರೆ ತೆಳು ರಟ್ಟಿನ ಬಿಲ್ಲೆ, ಅದರ ಕೆಳಗೆ ಶ್ಯಾವಿಗೆಯ ಕಟ್ಟಿನಂತೆ ನಿಂತ ಕಂದು ಎಳೆಗಳು. ಕಾರ್ಡೈಟ್. ಹರಳು ಮದ್ದಿನ ಹಾಗೆ ಸುರಿಯುವಂಥದ್ದಲ್ಲ. ತಯಾರಿಸುವಾಗ ಎಳೆಗಳ ಕಟ್ಟನ್ನು ಮೊದಲು ತೋಟೆಗಿಳಿಸಿ, ಆಮೇಲೆ ಕೊರಳನ್ನು ಕಿರಿದು ಮಾಡುತ್ತಿದ್ದರು. ಹಾಗಾಗಿ ಒಂದೊಂದೇ ಎಳೆಯನ್ನು ಚಿಮಟದಿಂದ ಬಿಡಿಸಿ ತೆಗೆಯಬೇಕಾಯಿತು. ಕೆಲವು ಸುಲಭವಾಗಿ ಬಂದವು, ಕೆಲವು ಒಂದಕ್ಕೊಂದು ಅಂಟಿ ಕೂತಿದ್ದವು. ನನ್ನ ಮೂರನೇ ತೋಟೆ ತಡವರಿಸಿದ್ದು ಇಂಥ ಕಟ್ಟಿನಿಂದಲೇ ಇರಬೇಕು. ಬುಡದ ಅಚ್ಚಿನಲ್ಲಿ ಏಳರ ಪಕ್ಕ 'ಝಡ್' ಅಕ್ಷರ ಇದ್ದರೆ ಒಳಗಿರುವುದು ಕಾರ್ಡೈಟ್ ಅಲ್ಲ, ಹರಳಿನ ಮದ್ದು. ನನ್ನವುಗಳಲ್ಲಿ ಆ ಅಕ್ಷರ ಇರಲಿಲ್ಲ, ಮೊದಲೇ ಗಮನಿಸಬೇಕಿತ್ತು.

ಗುಂಡುಗಳ ಬುಡಕ್ಕಂಟಿದ್ದ ಕಪ್ಪನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ತಕ್ಕಡಿಗಿಟ್ಟು ತೂಗಿ, ಎರಡು ಭರಣಿಗಳಲ್ಲಿ ಬೇರೆ ಮಾಡಿದೆ. ಭರಣಿಗೆ ಚೀಟಿ ಅಂಟಿಸಿದ್ದೇನೆ: 303, 174 ಗ್ರೇನ್, ಕಿರ್ಕಿ, ಕಿತ್ತ ತಾರೀಖು. ಸೋವಿಯತ್ ಗುಂಡುಗಳ ಡಬ್ಬಿಯನ್ನು ಬೇರೆ ಕಪಾಟಿನಲ್ಲಿಟ್ಟಿದ್ದೇನೆ. ಎರಡರ ವ್ಯಾಸ ಹೆಚ್ಚುಕಡಿಮೆ ಒಂದೇ, ಚೀಟಿ ಬಿದ್ದುಹೋದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.